ಮಹಾರಾಜ ಕಾಲೇಜಿನ ಗೋಡೆಗೆ ಹೆಸರು ಬರೆಯುವ ಮುನ್ನ

ಮೂವತ್ತೊಂದು ವರ್ಷ ಕಾಲೇಜು ಗ್ರಂಥಾಲಯಗಳಲ್ಲಿ ಕೆಲಸ ಮಾಡಿ ನಿವೃತ್ತಳಾದೆ. ಈಗ ಮೈಸೂರಿನ ನಮ್ಮ ಮನೆಗೆ ಜನ ಬರುವುದು ಹೆಚ್ಚಾಗಿ ಒಂದೇ ಕೆಲಸಕ್ಕೆ. "ಮೇಡಂ, ನಮ್ಮ ಕಾಲೇಜಲ್ಲಿ ಓದಿದ ದೊಡ್ಡವರ ಪಟ್ಟಿ ಬೇಕಿತ್ತು, ಪಾಠ ಹೇಳಿದವರದ್ದೂ ಇದ್ದರೆ ಒಳ್ಳೆಯದು." ಭಾನುವಾರ ಹಳೆಯ ವಿದ್ಯಾರ್ಥಿಗಳ ಸಮಾರಂಭ ಇರುತ್ತದೆ, ಇವರು ಬರುವುದು ಗುರುವಾರ ಸಂಜೆ. ಫ್ಲೆಕ್ಸ್ ಅಂಗಡಿಯವನು ಶುಕ್ರವಾರ ಮಧ್ಯಾಹ್ನದೊಳಗೆ ಮ್ಯಾಟರ್ ಕೊಡಿ ಎಂದಿರುತ್ತಾನೆ. ಬಂದವರಿಗೆ ಕಾಫಿ ಕೊಟ್ಟು ನಾನು ಹೇಳುವ ಮಾತನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ಮಹಾರಾಜ ಕಾಲೇಜನ್ನು ಇಟ್ಟುಕೊಳ್ಳುತ್ತೇನೆ. ನನಗೆ ಚೆನ್ನಾಗಿ ಗೊತ್ತಿರುವುದು ಅದೇ, ನಮ್ಮ ತಂದೆ ಓದಿದ್ದೂ ಅಲ್ಲೇ. ನಿಮ್ಮ ಕಾಲೇಜು ಧಾರವಾಡದ್ದಿರಲಿ, ಮಂಗಳೂರಿನದ್ದಿರಲಿ, ದಾರಿ ಇದೇ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಂಘದವರ ಸಮಾರಂಭಕ್ಕೆ ಮಹಾರಾಜ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಪಟ್ಟಿ ಮಾಡಿಕೊಟ್ಟೆ. ಮೊದಲನೇ ಸಾಲಿನಲ್ಲೇ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಬರೆದಿದ್ದೆ. ಮೈಸೂರು ವಿಶ್ವವಿದ್ಯಾಲಯ ಕಟ್ಟಿದ ದಿವಾನರು, ಇಲ್ಲೇ ಓದಿರಬೇಕು ಎಂದುಕೊಂಡಿದ್ದೆ. ಕಾರ್ಯಕ್ರಮ ಮುಗಿದ ಮೇಲೆ ವಯಸ್ಸಾದ ಒಬ್ಬರು ಹತ್ತಿರ ಬಂದರು. "ಅಮ್ಮಾ, ಅವರು ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. 1881ರಲ್ಲಿ ಬಿ.ಎ. ಆಯಿತು. ಆಗ ಮೈಸೂರು ವಿಶ್ವವಿದ್ಯಾಲಯ ಎಲ್ಲಿತ್ತು?" ಎಂದು ಬಹಳ ಮೆತ್ತಗೆ ಹೇಳಿದರು. ಅಷ್ಟು ಹೊತ್ತಿಗೆ ಇನ್ನೂರು ಜನ ಆ ಹಾಳೆಯನ್ನು ಮನೆಗೆ ಒಯ್ದಿದ್ದರು. ಆ ಹಾಳೆಗಳನ್ನು ವಾಪಸ್ ತರಿಸುವುದು ನನ್ನಿಂದ ಆಗಲಿಲ್ಲ. ಆವತ್ತಿನಿಂದ ಯಾವ ಪಟ್ಟಿ ಮಾಡಿದರೂ ಮೊದಲು ನೋಡುವುದು ಬೇಲಿ ಎಲ್ಲಿದೆ ಎಂದು.

ಬೇಲಿ ಹಾಕುವುದು

ಕಾಲೇಜು ಬೇರೆ, ವಿಶ್ವವಿದ್ಯಾಲಯ ಬೇರೆ. ಕೇಳುವುದಕ್ಕೆ ಸುಲಭ. ಆದರೆ ನಾನು ತಿದ್ದಿದ ಪಟ್ಟಿಗಳಲ್ಲಿ ಅರ್ಧಕ್ಕರ್ಧ ತಪ್ಪು ಇಲ್ಲೇ ಆಗಿರುತ್ತದೆ.

ಮಹಾರಾಜ ಕಾಲೇಜಿನ ಬೇರು 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೆರೆದ ಇಂಗ್ಲಿಷ್ ಶಾಲೆಯಲ್ಲಿದೆ. ಅದು ಬೆಳೆದು ಕಾಲೇಜಾಯಿತು. ಆಗ ಪರೀಕ್ಷೆ, ಪದವಿ ಎಲ್ಲ ಮದ್ರಾಸ್ ವಿಶ್ವವಿದ್ಯಾಲಯದ್ದು. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ಆಮೇಲೆ ಬಹಳ ವರ್ಷ ಒಂದೇ ವಿಶ್ವವಿದ್ಯಾಲಯದ ಕೆಳಗೆ ಮೈಸೂರಿನ ಮಹಾರಾಜ ಕಾಲೇಜೂ ಇತ್ತು, ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಇತ್ತು. ಬೆಂಗಳೂರು ವಿಶ್ವವಿದ್ಯಾಲಯ ಬಂದದ್ದು 1964ರಲ್ಲಿ. ಇನ್ನೊಂದು ಕಡೆ, 1960ರಲ್ಲಿ ಮಾನಸಗಂಗೋತ್ರಿ ಶುರುವಾಗಿ ಸ್ನಾತಕೋತ್ತರ ವಿಭಾಗಗಳು ಕಾಲೇಜಿನಿಂದ ಅಲ್ಲಿಗೆ ಹೋದವು.

ಈ ನಾಲ್ಕು ಇಸವಿ, ಅಂದರೆ 1833, 1916, 1960, 1964, ಇವನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಅಂಟಿಸಿಕೊಳ್ಳಿ. ಹೆಸರು ಬಂದಾಗಲೆಲ್ಲ ಚೀಟಿ ನೋಡಿ. ಸಿ.ಎನ್.ಆರ್. ರಾವ್ ಅವರ ಬಿ.ಎಸ್ಸಿ. ಮೈಸೂರು ವಿಶ್ವವಿದ್ಯಾಲಯದ್ದೇ, 1951ರದ್ದು. ಆದರೆ ಓದಿದ್ದು ಸೆಂಟ್ರಲ್ ಕಾಲೇಜಿನಲ್ಲಿ. ಎನ್.ಆರ್. ನಾರಾಯಣಮೂರ್ತಿಯವರು ಮೈಸೂರಿನಲ್ಲೇ ಓದಿದರು, ಪದವಿಯೂ ಇದೇ ವಿಶ್ವವಿದ್ಯಾಲಯದ್ದು. ಆದರೆ ಕಾಲೇಜು ಎನ್.ಐ.ಇ. ಎಂಬ ಎಂಜಿನಿಯರಿಂಗ್ ಕಾಲೇಜು. ಇಬ್ಬರೂ ನಮ್ಮ ಹೆಮ್ಮೆ, ಇಬ್ಬರೂ ಈ ಪಟ್ಟಿಗೆ ಬರುವುದಿಲ್ಲ. ರಾಜಾಜಿಯವರ ಹೆಸರನ್ನೂ ಕೆಲವರು ತಂದು ಸೇರಿಸುತ್ತಾರೆ, ಅವರೂ ಸೆಂಟ್ರಲ್ ಕಾಲೇಜಿನವರು. ಹಾಗೆಯೇ 1960ರ ದಶಕದಲ್ಲೋ ಆಮೇಲೋ ಎಂ.ಎ. ಮಾಡಿದವರು ಬಂದರೆ ಒಂದು ನಿಮಿಷ ತಡೆಯಿರಿ. ಬಿ.ಎ. ಎಲ್ಲಿ, ಎಂ.ಎ. ಎಲ್ಲಿ ಎಂದು ಬೇರೆ ಬೇರೆಯಾಗಿ ಕೇಳಿ.

ಹೀಗೆ ಬಿಟ್ಟರೆ ಪಟ್ಟಿ ಬಡವಾಗುತ್ತದೆ ಎಂದು ಹೆದರಬೇಡಿ. ಮಹಾರಾಜ ಕಾಲೇಜಿಗೆ ಯಾರಿಂದಲೂ ಸಾಲ ತರುವ ಅಗತ್ಯವಿಲ್ಲ.

ಕ್ರಿಯಾಪದ ಮೊದಲು

ಬೇಲಿ ಆದ ಮೇಲೆ ಹೆಸರು ಬರೆಯಲು ಕೂರುತ್ತೀರಿ. ಇಲ್ಲಿ ನನ್ನ ಪದ್ಧತಿ ಬೇರೆ. ನಾನು ಮೊದಲು ಬರೆಯುವುದು ಹೆಸರನ್ನಲ್ಲ, ಕ್ರಿಯಾಪದವನ್ನು. ಓದಿದರು. ಪಾಠ ಹೇಳಿದರು. ಪ್ರಿನ್ಸಿಪಾಲರಾಗಿದ್ದರು. ಬಂದು ಉಪನ್ಯಾಸ ಕೊಟ್ಟು ಹೋದರು. ನಾಲ್ಕು ಹಾಳೆ, ಒಂದೊಂದು ಹಾಳೆಗೆ ಒಂದು ಕ್ರಿಯಾಪದ. ಒಬ್ಬರ ಹೆಸರು ಎರಡು ಹಾಳೆಯಲ್ಲಿ, ಮೂರು ಹಾಳೆಯಲ್ಲಿ ಬರಬಹುದು. ಹಾಗೆ ಬಂದವರೇ ಒಂದು ಕಾಲೇಜಿನ ಬೆನ್ನೆಲುಬು.

ಕುವೆಂಪು ಅವರನ್ನು ನೋಡಿ. 1927ರಲ್ಲಿ ಬಿ.ಎ., 1929ರಲ್ಲಿ ಕನ್ನಡ ಎಂ.ಎ., ಅದೇ ವರ್ಷ ಅಲ್ಲೇ ಅಧ್ಯಾಪಕರು, 1955ರಲ್ಲಿ ಅಲ್ಲೇ ಪ್ರಿನ್ಸಿಪಾಲರು, 1956ರಿಂದ 1960ರವರೆಗೆ ವಿಶ್ವವಿದ್ಯಾಲಯದ ಕುಲಪತಿ. ಇಷ್ಟಿರುವಾಗ ಬರೀ "ಕುವೆಂಪು, ರಾಷ್ಟ್ರಕವಿ" ಎಂದು ಬರೆದರೆ ಓದುವವನಿಗೆ ಹೊಸದಾಗಿ ಏನು ಸಿಕ್ಕಿತು? ರಾಷ್ಟ್ರಕವಿ ಎಂಬುದು ಊರಿಗೆಲ್ಲ ಗೊತ್ತು. ಬೆಂಚಿನ ಮೇಲೆ ಕೂತ ಹುಡುಗ ಅದೇ ಕಟ್ಟಡದಲ್ಲಿ ಪ್ರಿನ್ಸಿಪಾಲರ ಕುರ್ಚಿಗೆ ಬರಲು ಇಪ್ಪತ್ತೆಂಟು ವರ್ಷ ಹಿಡಿಯಿತು ಎಂಬುದು ಇಸವಿಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಮಾತ್ರ ಕಾಣುತ್ತದೆ.

ರಾಧಾಕೃಷ್ಣನ್ ಅವರ ಸಾಲನ್ನು ಎಲ್ಲರೂ "ಭಾರತದ ರಾಷ್ಟ್ರಪತಿ" ಎಂದು ಶುರು ಮಾಡುತ್ತಾರೆ. ನಾನು ಹೀಗೆ ಬರೆಸುತ್ತೇನೆ: "1918ರಿಂದ 1921ರವರೆಗೆ ತತ್ತ್ವಶಾಸ್ತ್ರದ ಪ್ರೊಫೆಸರ್. ಕಲ್ಕತ್ತ ವಿಶ್ವವಿದ್ಯಾಲಯಕ್ಕೆ ಹೊರಟ ದಿನ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಸಾರೋಟನ್ನು ತಾವೇ ಎಳೆದು ರೈಲ್ವೆ ಸ್ಟೇಷನ್‌ವರೆಗೆ ಕರೆದೊಯ್ದರು." ಇದು ಮೈಸೂರಿನಲ್ಲಿ ಮನೆಮನೆಯ ಮಾತು. ಮೂರೇ ವರ್ಷ ಇದ್ದವರು. ಮೂವತ್ತರ ಆಸುಪಾಸಿನ ವಯಸ್ಸು. ಕುದುರೆ ಬಿಚ್ಚಿ ಹುಡುಗರು ನೊಗಕ್ಕೆ ಹೆಗಲು ಕೊಟ್ಟದ್ದು ರಾಷ್ಟ್ರಪತಿಗಲ್ಲ, ತಮ್ಮ ಮೇಷ್ಟರಿಗೆ. ಆ ಮೇಷ್ಟರು ರಾಷ್ಟ್ರಪತಿಯಾದದ್ದು 1962ರಲ್ಲಿ, ನಲವತ್ತೊಂದು ವರ್ಷದ ಮೇಲೆ. ಕಾಲೇಜಿನ ಗೋಡೆಯ ಮೇಲೆ ಬರಬೇಕಾದ್ದು ಆ ಮೂರು ವರ್ಷ. ಉಳಿದದ್ದು ಬೇರೆ ಗೋಡೆಗಳಲ್ಲಿದೆ.

"ಬಂದು ಹೋದರು" ಎಂಬ ಹಾಳೆಯ ಬಗ್ಗೆ ಹುಷಾರಾಗಿರಬೇಕು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರು ಕುವೆಂಪು ಅವರಿಗೆ ಇಂಗ್ಲಿಷ್ ಬಿಟ್ಟು ನಿನ್ನ ಭಾಷೆಯಲ್ಲಿ ಬರಿ ಎಂದ ಪ್ರಸಂಗ ಎಲ್ಲರಿಗೂ ಗೊತ್ತು. ಅದನ್ನು ನೆನೆದು ಕಸಿನ್ಸ್ ಅವರನ್ನು ಕಾಲೇಜಿನ ಅಧ್ಯಾಪಕರ ಸಾಲಿಗೆ ಹಾಕಿದ ಪಟ್ಟಿ ನೋಡಿದ್ದೇನೆ. ಆ ಭೇಟಿ ನಡೆದಾಗ ಪುಟ್ಟಪ್ಪನವರು ಇನ್ನೂ ಹೈಸ್ಕೂಲಿನ ಹುಡುಗ. ಬ್ರಜೇಂದ್ರನಾಥ ಸೀಲ್ ಅವರದ್ದು ಇನ್ನೊಂದು ತರಹ. 1920ರ ದಶಕದಲ್ಲಿ ಕುಲಪತಿಗಳಾಗಿ ಇಡೀ ವಿಶ್ವವಿದ್ಯಾಲಯಕ್ಕೆ ಸೇರಿದವರು. ಅವರನ್ನು ಕಾಲೇಜಿನ ಅಧ್ಯಾಪಕರೆಂದು ಬರೆಯಬಾರದು.

ಸರಪಣಿ ಹುಡುಕುವುದು

ಇದು ನನಗೆ ತುಂಬಾ ಇಷ್ಟದ ಕೆಲಸ, ಸ್ವಲ್ಪ ಹೆಚ್ಚೇ ಹೇಳುತ್ತೇನೆ.

ನಾಲ್ಕು ಹಾಳೆ ತುಂಬಿದ ಮೇಲೆ ಪೆನ್ಸಿಲ್ ತೆಗೆದುಕೊಂಡು ಹೆಸರಿನಿಂದ ಹೆಸರಿಗೆ ಗೆರೆ ಎಳೆಯಿರಿ. ಯಾರು ಯಾರಿಗೆ ಪಾಠ ಹೇಳಿದರು? ಸಾಧಕರ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿದರೆ ಗುರು ಒಂದು ಮೂಲೆಯಲ್ಲಿ, ಶಿಷ್ಯ ಇನ್ನೊಂದು ಮೂಲೆಯಲ್ಲಿ ಬೀಳುತ್ತಾರೆ. ಅವರಿಬ್ಬರನ್ನು ಒಂದು ಕಡೆ ತರುವುದೇ ಕಾಲೇಜಿನ ಪಟ್ಟಿಯ ಕೆಲಸ. ಇಲ್ಲದಿದ್ದರೆ ಅದಕ್ಕೂ ಟೆಲಿಫೋನ್ ಡೈರೆಕ್ಟರಿಗೂ ವ್ಯತ್ಯಾಸವಿಲ್ಲ.

ಕನ್ನಡದ ಸರಪಣಿ ಹೀಗೆ ಬರುತ್ತದೆ. ಬಿ.ಎಂ. ಶ್ರೀಕಂಠಯ್ಯನವರು ಮಹಾರಾಜ ಕಾಲೇಜಿನ ಇಂಗ್ಲಿಷ್ ಅಧ್ಯಾಪಕರು. ಇಂಗ್ಲಿಷ್ ಮೇಷ್ಟರಾಗಿದ್ದುಕೊಂಡೇ 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ನಿಂತು ಕನ್ನಡ ಮಾತು ತಲೆಯೆತ್ತುವ ಬಗೆ ಹೇಗೆ ಎಂದು ಮಾತಾಡಿದರು. ಆಮೇಲೆ ಇಂಗ್ಲಿಷ್ ಕವಿತೆಗಳನ್ನು ಕನ್ನಡದ ಹೊಸ ಲಯಕ್ಕೆ ತಂದು ತೋರಿಸಿದರು. ಚಳ್ಳಕೆರೆ ಸೀಮೆಯ ತಳುಕಿನಿಂದ ಬಂದ ಟಿ.ಎಸ್. ವೆಂಕಣ್ಣಯ್ಯನವರು ವಿಶ್ವವಿದ್ಯಾಲಯದ ಮೊದಲ ಕನ್ನಡ ಪ್ರೊಫೆಸರ್. 1927ರಲ್ಲಿ ಕನ್ನಡ ಎಂ.ಎ. ಶುರುವಾಯಿತು. ಮೊದಲ ತಂಡದಲ್ಲಿ ಕುವೆಂಪು, ಡಿ.ಎಲ್. ನರಸಿಂಹಾಚಾರ್. ಒಬ್ಬರು ಮಹಾಕಾವ್ಯ ಬರೆದರು, ಇನ್ನೊಬ್ಬರು ಹಳಗನ್ನಡ ಗ್ರಂಥಗಳ ಪಾಠವನ್ನು ಅಕ್ಷರ ಅಕ್ಷರ ತೂಗಿ ಸರಿಪಡಿಸಿದರು. ಕುವೆಂಪು ತಮ್ಮ ಶ್ರೀರಾಮಾಯಣ ದರ್ಶನಂ ಕಾವ್ಯವನ್ನು ಅರ್ಪಿಸಿದ್ದು ವೆಂಕಣ್ಣಯ್ಯನವರಿಗೆ. ವೆಂಕಣ್ಣಯ್ಯನವರು ತೀರಿಕೊಂಡದ್ದು 1939ರಲ್ಲಿ, ಕಾವ್ಯ ಅಚ್ಚಾಗುವುದಕ್ಕೆ ಎಷ್ಟೋ ವರ್ಷ ಮೊದಲು. ಶಿಷ್ಯ ಮರೆಯಲಿಲ್ಲ. ಕುವೆಂಪು ಅವರಿಂದ ಕಲಿತ ಜಿ.ಎಸ್. ಶಿವರುದ್ರಪ್ಪನವರು ಅದೇ ಕಾಲೇಜಿನಲ್ಲಿ ಪಾಠ ಹೇಳಿ, 1963ರಲ್ಲಿ ಹೈದರಾಬಾದಿನ ಉಸ್ಮಾನಿಯಾಕ್ಕೆ, ಅಲ್ಲಿಂದ ಬೆಂಗಳೂರಿಗೆ ಹೋದರು. ಕರ್ನಾಟಕದಲ್ಲಿ ರಾಷ್ಟ್ರಕವಿ ಎನಿಸಿಕೊಂಡವರು ಮೂವರು. ಗೋವಿಂದ ಪೈ ಅವರನ್ನು ಬಿಟ್ಟರೆ ಉಳಿದಿಬ್ಬರು ಇಲ್ಲಿನ ಗುರು ಮತ್ತು ಶಿಷ್ಯ. ಒಬ್ಬರಿಗೆ ಆ ಗೌರವ ಬಂದದ್ದು 1964ರಲ್ಲಿ, ಇನ್ನೊಬ್ಬರಿಗೆ 2006ರಲ್ಲಿ. ಇದನ್ನು ಗೋಡೆಯ ಮೇಲೆ ಒಂದೇ ಗೆರೆಯಲ್ಲಿ ಬರೆದು ನೋಡಿ. ಮಕ್ಕಳು ನಿಂತು ಓದುತ್ತಾರೆ, ನಾನು ಕಂಡಿದ್ದೇನೆ.

ತೀ.ನಂ. ಶ್ರೀಕಂಠಯ್ಯನವರೂ ಇದೇ ಗೆರೆಯ ಮೇಲಿದ್ದಾರೆ. ಓದಿದ್ದೂ ಇಲ್ಲೇ, ಪಾಠ ಹೇಳಿದ್ದೂ ಇಲ್ಲೇ. ಭಾರತೀಯ ಕಾವ್ಯಮೀಮಾಂಸೆಯನ್ನು ಕನ್ನಡದಲ್ಲಿ ಕಲಿಯುವವರಿಗೆ ಇವತ್ತಿಗೂ ಮೊದಲ ಬಾಗಿಲು ಅವರೇ.

ಇಂಗ್ಲಿಷಿನ ಸರಪಣಿ ಬೇರೆ ರೀತಿಯದು. ಆರ್.ಕೆ. ನಾರಾಯಣ್ 1930ರಲ್ಲಿ ಬಿ.ಎ. ಮುಗಿಸಿದರು. ಅವರ ತಂದೆ ಮೈಸೂರಿನಲ್ಲಿ ಮಹಾರಾಜ ಕಾಲೇಜಿಯೇಟ್ ಹೈಸ್ಕೂಲಿನ ಹೆಡ್‌ಮಾಸ್ಟರಾಗಿದ್ದವರು. ತಮ್ಮ ಆರ್.ಕೆ. ಲಕ್ಷ್ಮಣ್ ಇಲ್ಲೇ ಓದುತ್ತಿರುವಾಗಲೇ ಅಣ್ಣನ ಕಥೆಗಳಿಗೆ ಚಿತ್ರ ಬರೆಯುತ್ತಿದ್ದರು. ಎ.ಕೆ. ರಾಮಾನುಜನ್ ಇಲ್ಲಿ ಇಂಗ್ಲಿಷ್ ಓದಿ ಕೊನೆಗೆ ಷಿಕಾಗೋ ಸೇರಿದರು, ವಚನಗಳನ್ನು ಜಗತ್ತಿನ ಓದುಗರ ಕೈಗೆ ಕೊಟ್ಟರು. ಸಿ.ಡಿ. ನರಸಿಂಹಯ್ಯನವರು ಇಂಗ್ಲಿಷ್ ಪ್ರೊಫೆಸರ್, ಆಮೇಲೆ ಪ್ರಿನ್ಸಿಪಾಲರು. 1979ರಲ್ಲಿ ಧ್ವನ್ಯಾಲೋಕ ಎಂಬ ಸಾಹಿತ್ಯ ಅಧ್ಯಯನ ಕೇಂದ್ರ ಕಟ್ಟಿದವರು. ಯು.ಆರ್. ಅನಂತಮೂರ್ತಿ ಈ ನರಸಿಂಹಯ್ಯನವರ ವಿದ್ಯಾರ್ಥಿ. ಬಿ.ಎಂ.ಶ್ರೀ ಅವರಂತೆಯೇ ಅನಂತಮೂರ್ತಿಯವರೂ ಇಂಗ್ಲಿಷ್ ವಿಭಾಗದಿಂದ ಬಂದು ಕನ್ನಡವನ್ನು ಅಲುಗಾಡಿಸಿದವರು. ಈ ಎರಡು ಹೆಸರಿನ ನಡುವೆ ನಾನೊಂದು ಚುಕ್ಕೆ ಗೆರೆ ಎಳೆಸಿದ್ದೆ. ನೇರ ಗುರುಶಿಷ್ಯರಲ್ಲ, ಅದಕ್ಕೇ ಚುಕ್ಕೆ.

ತತ್ತ್ವಶಾಸ್ತ್ರಕ್ಕೆ ಬಂದರೆ ರಾಧಾಕೃಷ್ಣನ್ ಅವರ ಹೆಸರಿನ ಬೆಳಕಿನಲ್ಲಿ ಎಂ. ಹಿರಿಯಣ್ಣನವರು ಕಾಣದೆ ಹೋಗುತ್ತಾರೆ. ಇದು ನನ್ನ ಮನಸ್ಸಿಗೆ ತುಂಬಾ ನೋವಿನ ವಿಷಯ. ಸಂಸ್ಕೃತದ ಪ್ರೊಫೆಸರ್ ಅವರು, ಮೊದಲು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದವರು. ಗ್ರಂಥಾಲಯದವರು ಎಂಬ ಅಭಿಮಾನವೂ ನನಗಿದೆ. ಭಾರತೀಯ ತತ್ತ್ವಶಾಸ್ತ್ರವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1932ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು, ಇವತ್ತಿಗೂ ಪಠ್ಯವಾಗಿ ಓದುತ್ತಾರೆ. ಅದು ಹುಟ್ಟಿದ್ದು ವರ್ಷಗಟ್ಟಲೆ ಇಲ್ಲಿನ ತರಗತಿಯಲ್ಲಿ ಹೇಳಿದ ಪಾಠಗಳಿಂದ. ಪಟ್ಟಿಯಲ್ಲಿ ಅವರ ಹೆಸರಿನ ಅಕ್ಷರ ರಾಧಾಕೃಷ್ಣನ್ ಅವರ ಹೆಸರಿನ ಅಕ್ಷರಕ್ಕಿಂತ ಒಂದು ಕೂದಲೆಳೆಯಷ್ಟೂ ಚಿಕ್ಕದಿರಬಾರದು. ತತ್ತ್ವಶಾಸ್ತ್ರದ ಪ್ರೊಫೆಸರ್ ಎ.ಆರ್. ವಾಡಿಯಾ ಅವರನ್ನೂ ಬಿಡಬೇಡಿ. ಅವರ ಕಾಲದಲ್ಲಿ ಇಲ್ಲಿ ಸಾಮಾಜಿಕ ತತ್ತ್ವಶಾಸ್ತ್ರದ ಆನರ್ಸ್ ಓದಿದ ಹುಡುಗ ಎಂ.ಎನ್. ಶ್ರೀನಿವಾಸ್. ಕೊಡವರ ಬದುಕನ್ನು ಅಧ್ಯಯನ ಮಾಡಿ ಸಂಸ್ಕೃತೀಕರಣ, ಅಂದರೆ ಕೆಳಗಿನ ಜಾತಿಯವರು ಮೇಲಿನವರ ಆಚಾರ ಅನುಸರಿಸಿ ಮೇಲೇರಲು ನೋಡುವುದು, ಎಂಬ ಪರಿಕಲ್ಪನೆಯನ್ನು ಸಮಾಜಶಾಸ್ತ್ರಕ್ಕೆ ಕೊಟ್ಟವರು. ಎಸ್.ಎಲ್. ಭೈರಪ್ಪನವರು ತತ್ತ್ವಶಾಸ್ತ್ರ ಓದಿದ್ದೂ ಇಲ್ಲೇ.

ಸರಪಣಿ ಹುಡುಕುವಾಗ ಕರ್ನಾಟಕದ ಗಡಿ ದಾಟಿ ಹೋಗುವ ಕೊಂಡಿಗಳೂ ಸಿಗುತ್ತವೆ. ಇಲ್ಲಿ ಪಾಠ ಹೇಳಿದ ತೆಲುಗು ಕವಿ ಸಿ.ಆರ್. ರೆಡ್ಡಿ 1926ರಲ್ಲಿ ಆಂಧ್ರ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. 1931ರಲ್ಲಿ ಅವರ ನಂತರ ಅದೇ ಕುರ್ಚಿಗೆ ಬಂದವರು ರಾಧಾಕೃಷ್ಣನ್. ಅಂದರೆ ಆ ವಿಶ್ವವಿದ್ಯಾಲಯದ ಮೊದಲ ಇಬ್ಬರು ಕುಲಪತಿಗಳೂ ಮಹಾರಾಜ ಕಾಲೇಜಿನ ಸ್ಟಾಫ್ ರೂಮಿನಿಂದ ಹೋದವರು. ಇಂಥದ್ದು ಸಿಕ್ಕ ದಿನ ನನಗೆ ಊಟ ಸೇರುವುದಿಲ್ಲ, ಅಷ್ಟು ಸಂತೋಷ.

ರಿಜಿಸ್ಟರಿನಲ್ಲಿ ಯಾವ ಹೆಸರು ಹುಡುಕಬೇಕು

ದಾಖಲಾತಿ ರಿಜಿಸ್ಟರ್ ನೋಡಲು ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟು ಅನುಮತಿ ಪಡೆಯಿರಿ. ಹಳೆಯ ರಿಜಿಸ್ಟರಿನ ಅಂಚು ಹಪ್ಪಳದಂತಾಗಿರುತ್ತದೆ. ಎರಡೂ ಕೈಯಲ್ಲಿ ಹಾಳೆ ತಿರುಗಿಸಿ, ನಾಲಿಗೆಗೆ ಬೆರಳು ತಾಗಿಸಬೇಡಿ, ಫ್ಲಾಷ್ ಹಾಕಿ ಫೋಟೊ ತೆಗೆಯಬೇಡಿ, ಪೆನ್ನು ಒಳಗೆ ಒಯ್ಯಬೇಡಿ.

ಕಾವ್ಯನಾಮ ಹುಡುಕಿದರೆ ಅಲ್ಲಿ ಯಾರೂ ಸಿಗುವುದಿಲ್ಲ. ಕುವೆಂಪು ಎಂದರೆ ಅಲ್ಲಿ ಕೆ.ವಿ. ಪುಟ್ಟಪ್ಪ. ಪು.ತಿ.ನ. ಎಂದರೆ ಪಿ.ಟಿ. ನರಸಿಂಹಾಚಾರ್. ಆರ್.ಕೆ. ನಾರಾಯಣ್ ಎಂಬ ಹೆಸರನ್ನು ಹುಡುಕಿ ಹೈರಾಣಾಗಬೇಡಿ, ಅವರ ಪೂರ್ತಿ ಹೆಸರು ನಾರಾಯಣಸ್ವಾಮಿ. ಅದನ್ನು ಮೊಟಕು ಮಾಡಲು ಹೇಳಿದವರು ಇಂಗ್ಲೆಂಡಿನ ಗ್ರಹಾಂ ಗ್ರೀನ್, ಅದು ಕಾಲೇಜು ಬಿಟ್ಟು ಎಷ್ಟೋ ವರ್ಷದ ಮೇಲೆ. ಇಂಗ್ಲಿಷಿನಲ್ಲಿ ಬರೆದ ರಿಜಿಸ್ಟರಾದ್ದರಿಂದ ಒಂದೇ ಹೆಸರಿಗೆ ಮೂರು ಕಾಗುಣಿತ ಇರುತ್ತದೆ. ಅಯ್ಯ, ಅಯ್ಯರ್, ಅಯ್ಯಂಗಾರ್, ಗೌಡ, ರಾವ್ ಮುಂತಾದ ಬಾಲಗಳು ಒಂದು ಕಡೆ ಇದ್ದು ಇನ್ನೊಂದು ಕಡೆ ಹಾರಿಹೋಗಿರುತ್ತವೆ. ಅದಕ್ಕೆ ಹೆಸರಿನ ಜೊತೆ ತಂದೆಯ ಹೆಸರು, ಊರು, ಸೇರಿದ ಇಸವಿ, ಇವುಗಳಲ್ಲಿ ಎರಡಾದರೂ ಹೊಂದಿದರೆ ಮಾತ್ರ ಟಿಕ್ ಹಾಕಿ.

ಹೆಣ್ಣುಮಕ್ಕಳ ಹೆಸರು ಹುಡುಕುವಾಗ ಇನ್ನೂ ಹೆಚ್ಚು ತಾಳ್ಮೆ ಬೇಕು. ಮೇಲೆ ನಾನು ಬರೆದ ಸರಪಣಿಯಲ್ಲಿ ಒಬ್ಬ ಹೆಣ್ಣುಮಗಳೂ ಇಲ್ಲ ಎಂಬುದನ್ನು ನೀವು ಗಮನಿಸಿರುತ್ತೀರಿ. ಮೈಸೂರಿನಲ್ಲಿ ಹೆಣ್ಣುಮಕ್ಕಳಿಗೆ ಮಹಾರಾಣಿ ಕಾಲೇಜು ಬೇರೆ ಇತ್ತು, ಅದು ಒಂದು ಕಾರಣ. ಮದುವೆಯಾದ ಮೇಲೆ ಇನಿಷಿಯಲ್ ಬದಲಾಗಿ, ಕೆಲವೊಮ್ಮೆ ಹೆಸರೇ ಬದಲಾಗಿ, ಪುಸ್ತಕದ ಮೇಲಿನ ಹೆಸರಿಗೂ ರಿಜಿಸ್ಟರಿನ ಹೆಸರಿಗೂ ಸಂಬಂಧವೇ ಉಳಿಯದಿರುವುದು ಇನ್ನೊಂದು ಕಾರಣ. ತವರಿನ ಹೆಸರು ತಿಳಿದುಕೊಂಡು ಹುಡುಕಿ. ಮನೆಯವರನ್ನು ಕೇಳಿ. ಇದಕ್ಕೆ ಸಮಯ ಹಿಡಿಯುತ್ತದೆ, ಆ ಸಮಯ ಕೊಡಲೇಬೇಕು. ಸಮಾರಂಭದ ಹಿಂದಿನ ರಾತ್ರಿ ಲೆಕ್ಕಕ್ಕೆಂದು ಒಬ್ಬರ ಹೆಸರನ್ನು ತುರುಕುವುದು ಆಕೆಗೆ ಮಾಡುವ ಅವಮಾನ.

ರಿಜಿಸ್ಟರ್ ಸಿಗದಿದ್ದರೆ ವಿಶ್ವವಿದ್ಯಾಲಯದ ಹಳೆಯ ಕ್ಯಾಲೆಂಡರುಗಳು. ಇದು ಗೋಡೆಗೆ ಹಾಕುವ ಕ್ಯಾಲೆಂಡರಲ್ಲ, ವರ್ಷಕ್ಕೊಂದು ಬರುತ್ತಿದ್ದ ದಪ್ಪ ಪುಸ್ತಕ. ಅಧ್ಯಾಪಕರು, ಪಠ್ಯ, ಪಾಸಾದವರು ಎಲ್ಲ ಅದರಲ್ಲಿರುತ್ತದೆ. ಆಮೇಲೆ ಅಭಿನಂದನ ಗ್ರಂಥಗಳು, ಸಂಸ್ಮರಣ ಗ್ರಂಥಗಳು. ಅವುಗಳಲ್ಲಿ ಹೊಗಳಿಕೆ ಜಾಸ್ತಿ, ಆದರೆ ಕೊನೆಯಲ್ಲಿ ಜೀವನದ ಮುಖ್ಯ ದಿನಾಂಕಗಳು ಎಂದು ಎರಡು ಪುಟ ಇರುತ್ತದೆ. ನಮಗೆ ಬೇಕಾದದ್ದು ಅದು. ಆತ್ಮಕಥೆಗಳು ತರಗತಿಯ ವಾಸನೆ ಕೊಡುತ್ತವೆ, ಆದರೆ ಇಸವಿಗೆ ಅವನ್ನು ನಂಬಬೇಡಿ. ಎಪ್ಪತ್ತನೇ ವಯಸ್ಸಿನಲ್ಲಿ ಹದಿನೆಂಟನೇ ವಯಸ್ಸನ್ನು ನೆನೆದು ಬರೆದವರಿಗೆ ಒಂದೆರಡು ವರ್ಷ ಆಚೀಚೆ ಆಗುವುದು ಸಹಜ.

ಎರಡು ಕಡೆಯ ಮಾತು ಬಂದಾಗ

ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್. 1935ರಲ್ಲಿ ಮೈಸೂರಿನ ತಮ್ಮ ಮನೆ ವಿಠಲ ವಿಹಾರದಲ್ಲಿ ಸ್ವಂತ ರೇಡಿಯೊ ಕೇಂದ್ರ ನಡೆಸಿದರು. ಅದರ ಹೆಸರು ಆಕಾಶವಾಣಿ. ಆಮೇಲೆ ಇಡೀ ದೇಶದ ರೇಡಿಯೊ ಅದೇ ಹೆಸರನ್ನು ಹೊತ್ತಿತು. ಹೆಸರಿಟ್ಟವರು ಯಾರು ಎಂದಾಗ ಮೈಸೂರಿನಲ್ಲಿ ಎರಡು ಮಾತಿದೆ. ಗೋಪಾಲಸ್ವಾಮಿಯವರೇ ಎನ್ನುವವರಿದ್ದಾರೆ. ಅದೇ ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳುತ್ತಿದ್ದ ನಾ. ಕಸ್ತೂರಿಯವರು ಎನ್ನುವವರೂ ಇದ್ದಾರೆ. ಕೇರಳದಲ್ಲಿ ಹುಟ್ಟಿ, ಕನ್ನಡ ಕಲಿತು, ಕನ್ನಡಿಗರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದವರು ಕಸ್ತೂರಿ.

ಇಂಥ ಕಡೆ ನಿರ್ಣಯ ಕೊಡುವ ಕೆಲಸ ನಮ್ಮದಲ್ಲ. ಸಂದೇಹವಿಲ್ಲದ ಭಾಗವನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ: ಕೇಂದ್ರ ನಡೆಸಿದವರು ಗೋಪಾಲಸ್ವಾಮಿ, ಇಸವಿ 1935. ಹೆಸರಿನ ವಿಷಯಕ್ಕೆ ಕೆಳಗೊಂದು ಸಣ್ಣ ಸಾಲು ಸಾಕು, ಎರಡೂ ಹೆಸರು ಹೇಳಿ. ಹೇಗೂ ಎರಡು ಮಾತೂ ಒಂದೇ ಕಾಲೇಜಿನೊಳಗೇ ಇವೆ.

ಗ್ರೂಪ್ ಫೋಟೊ ಓದುವುದು

ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿ ಚೌಕಟ್ಟು ಹಾಕಿದ ಗ್ರೂಪ್ ಫೋಟೊ ಸಿಗುತ್ತದೆ. ಮೊದಲು ಅದರ ಹಿಂಬದಿ ನೋಡಿ. ಸ್ಟುಡಿಯೊ ಮುದ್ರೆ, ಇಸವಿ, ಕೆಲವೊಮ್ಮೆ ಹೆಸರುಗಳು ಅಲ್ಲಿರುತ್ತವೆ. ಚೌಕಟ್ಟಿನಿಂದ ಬಿಚ್ಚುವ ಕೆಲಸ ನೀವು ಮಾಡಬೇಡಿ, ಗಾಜಿಗೆ ಫೋಟೊ ಅಂಟಿಕೊಂಡಿದ್ದರೆ ಮುಖವೇ ಕಿತ್ತುಬರುತ್ತದೆ. ಮೊಬೈಲಿನಲ್ಲಿ ಹಗಲು ಬೆಳಕಿನಲ್ಲಿ, ಕಿಟಕಿಯ ಹೊಳಪು ಬೀಳದಂತೆ ಓರೆಯಾಗಿ ನಿಂತು ತೆಗೆಯಿರಿ. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಪ್ರತಿ ತಲೆಗೂ ಒಂದು ನಂಬರ್ ಕೊಡಿ.

ಆಮೇಲೆ ಹಿರಿಯರ ಹತ್ತಿರ ಹೋಗಿ ಕೂರಿ. "ಇದು ಇಂಥವರಲ್ಲವೇ ಸರ್?" ಎಂದು ಮಾತ್ರ ಕೇಳಬೇಡಿ. ಹಾಗೆ ಕೇಳಿದರೆ ವಯಸ್ಸಾದವರು ಪ್ರೀತಿಗೆ ಹೌದು ಎಂದುಬಿಡುತ್ತಾರೆ. ನಂಬರ್ ತೋರಿಸಿ ಸುಮ್ಮನಿರಿ. ಹೆಸರು ತಾನಾಗಿ ಬರಬೇಕು. ಒಂದೇ ಫೋಟೊವನ್ನು ಇಬ್ಬರಿಗೆ ಬೇರೆ ಬೇರೆಯಾಗಿ ತೋರಿಸಿ. ಇಬ್ಬರೂ ಒಂದೇ ಹೆಸರು ಹೇಳಿದರೆ ಬರೆದುಕೊಳ್ಳಿ.

ನಮ್ಮ ತಂದೆ ಮಹಾರಾಜ ಕಾಲೇಜಿಗೆ ಬಿ.ಎ. ಸೇರಿದ್ದು 1954ರಲ್ಲಿ. ಅವರನ್ನು ಯಾರಾದರೂ "ಇವರು ಕುವೆಂಪು ಅವರ ಶಿಷ್ಯರು" ಎಂದು ಪರಿಚಯಿಸಿದರೆ ತಕ್ಷಣ ತಿದ್ದುತ್ತಿದ್ದರು. "ಅಲ್ಲಪ್ಪಾ, ಅವರು ಪ್ರಿನ್ಸಿಪಾಲರಾಗಿದ್ದಾಗ ನಾನು ಅಲ್ಲಿ ಓದುತ್ತಿದ್ದೆ, ಅಷ್ಟೆ. ಅವರ ಕ್ಲಾಸಿನಲ್ಲಿ ಕೂತವನಲ್ಲ." ಚಿಕ್ಕವಳಾಗಿದ್ದಾಗ ನನಗೆ ಇದು ಬೇಸರವಾಗುತ್ತಿತ್ತು. ಸುಮ್ಮನೆ ಹೌದು ಎಂದರೆ ಏನು ಹೋಗುತ್ತಿತ್ತು ಎನಿಸುತ್ತಿತ್ತು. ಈಗ ಯಾವ ಪಟ್ಟಿ ಮುಂದೆ ಬಂದರೂ ಪ್ರತಿ ಸಾಲಿಗೂ ಆ ಪ್ರಶ್ನೆ ಕೇಳುತ್ತೇನೆ: ಕ್ಲಾಸಿನಲ್ಲಿ ಕೂತವರೋ, ಕಾಲದಲ್ಲಿ ಇದ್ದವರೋ?

ಬೋರ್ಡಿಗೆ ಏರಿಸುವಾಗ

ಇದನ್ನು ಬೇಗ ಹೇಳುತ್ತೇನೆ. ಫ್ಲೆಕ್ಸ್ ಬೇಡ, ಎರಡು ಬೇಸಿಗೆಗೆ ಬಣ್ಣ ಹೋಗುತ್ತದೆ. ಮರದ ಹಲಗೆಯೋ, ಅಕ್ರಿಲಿಕ್ ಹಾಳೆಯೋ ಇರಲಿ. ಓದುವವರ ಕಣ್ಣಿನ ಮಟ್ಟಕ್ಕೆ ಹಾಕಿ, ಬಾಗಿಲ ಮೇಲೆ ಏರಿಸಬೇಡಿ. "ಶ್ರೀಯುತ", "ಪದ್ಮಭೂಷಣ", "ನಾಡೋಜ", "ಡಾ." ಇತ್ಯಾದಿ ಹೆಸರಿನ ಹಿಂದೆ ಮುಂದೆ ಸೇರಿಸುತ್ತಾ ಹೋದರೆ ಹೆಸರೇ ಹುಡುಕಬೇಕಾಗುತ್ತದೆ. ಅಲ್ಲಿ ಗೌರವ ಕೊಡುವುದು ಕ್ರಿಯಾಪದ ಮತ್ತು ಇಸವಿ. ಜೀವಂತ ಇರುವವರ ಹೆಸರು ಹಾಕುವ ಮೊದಲು ಅವರನ್ನು ಕೇಳಿ. ಬೇಡ ಎಂದರೆ ಬಿಟ್ಟುಬಿಡಿ. ರಾಜಮನೆತನದವರಾದರೂ ಅದೇ ಅಳತೆ: ಜಯಚಾಮರಾಜೇಂದ್ರ ಒಡೆಯರ್ ಅವರದ್ದು "1938ರಲ್ಲಿ ಇಲ್ಲಿ ಬಿ.ಎ. ಮುಗಿಸಿದರು" ಎಂದು ವಿದ್ಯಾರ್ಥಿಗಳ ಸಾಲಿನಲ್ಲೇ ಬರಲಿ. ಮಹಾರಾಜ ಕಾಲೇಜಿನಲ್ಲಿ ಮಹಾರಾಜರೂ ಹಾಜರಿ ಕೊಟ್ಟ ವಿದ್ಯಾರ್ಥಿಯೇ.

ಪ್ರತಿ ಹೆಸರಿಗೆ ಒಂದು ಕಾರ್ಡು ಮಾಡಿ, ಈ ವಿಷಯ ಎಲ್ಲಿ ಸಿಕ್ಕಿತು, ಯಾವ ಪುಟ, ಯಾರು ಹೇಳಿದರು, ಯಾವ ದಿನ ಎಂದು ಬರೆದಿಡಿ. ಬೂಟಿನ ಡಬ್ಬಿಯಲ್ಲಿಟ್ಟರೂ ಸಾಕು. ಹತ್ತು ವರ್ಷದ ಮೇಲೆ ಇನ್ನೊಬ್ಬರು ಬಂದು "ಇದು ಸರಿಯೇ?" ಎಂದಾಗ ಬೋರ್ಡು ಉತ್ತರ ಹೇಳುವುದಿಲ್ಲ, ಡಬ್ಬಿ ಹೇಳುತ್ತದೆ.

ಬೋರ್ಡು ಹಾಕಿದ ಮೊದಲ ದಿನ ಅದರ ಪಕ್ಕದಲ್ಲೇ ಒಂದು ಸ್ಟೂಲು ಹಾಕಿಕೊಂಡು, ನೋಟ್‌ಬುಕ್ ಹಿಡಿದು ಕೂರಿ. ತಿದ್ದುವವರು ಬಂದೇ ಬರುತ್ತಾರೆ. ಹೆಚ್ಚಾಗಿ ಮಾತಾಡದೆ ಮೂಲೆಯಲ್ಲಿ ನಿಂತು ಎರಡು ಸಲ ಓದುತ್ತಾರಲ್ಲ, ಅವರನ್ನು ನೀವಾಗಿಯೇ ಹೋಗಿ ಮಾತಾಡಿಸಿ, ಕೂರಲು ಸ್ಟೂಲು ಕೊಡಿ.